ಸೆವೆಂಟೀನ್ ಲಾಂಗ್ ಡೇಸ್

ಕರೆಂಟ್ ಹೋಗಿ ಇವತ್ತಿಗೆ ನಾಲ್ಕು ದಿನ. ಇನ್ವರ್ಟರ್ ಎರಡನೇ ದಿನಾನೇ ಕೈ ಕೊಡ್ತು, ಈಗ ಫೋನ್ ಚಾರ್ಜ್ ಮಾಡೋದು ಜೀಪಲ್ಲಿ, ಅದನ್ನೇ ಹಿಡ್ಕೊಂಡು ಜಗಲಿ ಮೇಲೆ ಕೂತು ಇದನ್ನ ಟೈಪ್ ಮಾಡ್ತಾ ಇದೀನಿ, ಮಡಿಕೇರಿ ಕಡೆ ಹೋದಾಗ ನೆಟ್ ಸಿಕ್ಕರೆ ಪೋಸ್ಟ್ ಮಾಡ್ತೀನಿ. ಗಾಳಿಬೀಡು ಕಡೆಯವರಿಗೆ ಇದೇನೂ ಹೊಸದಲ್ಲ. ಆರಿದ್ರಾ ಮಳೆ ಮುಗಿದು ಪುನರ್ವಸು ಮಳೆ ಹಿಡೀತು ಅಂದ್ರೆ ಸಾಕು, ಗಾಳಿಗೆ ಎಲ್ಲೋ ಒಂದು ಸಿಲ್ವರ್ ಓಕ್ ಮರ ಮುರಿದು ಲೈನ್ ಮೇಲೆ ಬೀಳುತ್ತೆ, ಲೈನ್‌ಮ್ಯಾನ್‌ಗಳು ಪಾಪ ಆ ಮಳೇಲೇ ಕಂಬ ಹತ್ತಬೇಕು, ಒಂದು ಕಡೆ ಸರಿ ಮಾಡೋಷ್ಟರಲ್ಲಿ ಇನ್ನೊಂದು ಕಡೆ ಬಿದ್ದಿರುತ್ತೆ. ಹೋಂಸ್ಟೇಗೆ ಈ ತಿಂಗಳು ಬರೋರೂ ಕಮ್ಮಿ. ಹಂಗಾಗಿ ಸಾಯಂಕಾಲ ಆದ್ರೆ ಪಕ್ಕದ ತೋಟದ ಲೈನ್ ಮನೆ (ಕೂಲಿಯವರ ಸಾಲುಮನೆ) ಮಕ್ಕಳು ಐದಾರು ಜನ ಕೊಡೆ ಹಿಡ್ಕೊಂಡು ಬರ್ತಾರೆ, ನಾನು ಅವರಿಗೆ ನನಗೆ ಗೊತ್ತಿರೋಷ್ಟು ಇಂಗ್ಲಿಷ್ ಹೇಳಿಕೊಡ್ತೀನಿ.

ಮೊನ್ನೆ ಒಬ್ಬ ಹುಡುಗ, ಏಳನೇ ಕ್ಲಾಸು, ಎದ್ದು ನಿಂತು ಹೇಳ್ದ, ‘ರೇನ್ ಈಸ್ ಕಮಿಂಗ್ ಸಿನ್ಸ್ ಎಯ್ಟ್ ಡೇಸ್’ ಅಂತ. ಬೇರೆ ಮಕ್ಕಳಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ, ಅವರೂ ಹಂಗೇ ಹೇಳೋದು. ನಾನೂ 2018ರಲ್ಲಿ ಹಂಗೇ ಬರೆದಿದ್ದೆ. ಆ ಕಥೆ ಮೊದಲು ಹೇಳ್ಬೇಕು, ಅದನ್ನ ಬಿಟ್ರೆ ಒಂದು ಗ್ರಾಮರ್ ವಿಷಯಕ್ಕೆ ನಾನ್ಯಾಕೆ ಇಷ್ಟು ಹಚ್ಕೊಂಡಿದೀನಿ ಅನ್ನೋದು ಯಾರಿಗೂ ಗೊತ್ತಾಗಲ್ಲ.

2018ರ ಆಗಸ್ಟ್ ಬಗ್ಗೆ ಕೊಡಗಿನವರಿಗೆ ಏನೂ ಹೇಳ್ಬೇಕಾಗಿಲ್ಲ. ಆಶ್ಲೇಷ ಮುಗಿದು ಮಘೆ ಹಿಡಿಯೋ ಹೊತ್ತು, 16, 17ನೇ ತಾರೀಖು. ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಹೆಬ್ಬೆಟ್ಟಗೇರಿ, ಆ ಕಡೆ ಮದೆನಾಡು, ಜೋಡುಪಾಲ, ಎಲ್ಲಾ ಕಡೆ ಗುಡ್ಡ ಗುಡ್ಡಗಳೇ ಜಾರಿ ಬಂದ್ವು, ಮಡಿಕೇರಿಯಿಂದ ಸಂಪಾಜೆಗೆ ಇಳಿಯೋ ಹೈವೇನೇ ಕಿತ್ತೋಯ್ತು. ನಮ್ಮ ಮನೆಗೇನೂ ಆಗ್ಲಿಲ್ಲ, ಆದ್ರೆ ಮನೆಯಿಂದ ಮೇನ್ ರೋಡಿಗೆ ಹೋಗೋ ದಾರಿ ಮೇಲೆ ಮಣ್ಣು, ಮರ, ಬಂಡೆ ಎಲ್ಲಾ ಒಟ್ಟಿಗೆ ಬಂದು ಕೂತುಬಿಡ್ತು. ಆಗಸ್ಟ್ 17ರಿಂದ ಸೆಪ್ಟೆಂಬರ್ 2ರ ತನಕ, ಹದಿನೇಳು ದಿನ. ಕೊಡವರ ಕೈಲ್ ಪೊಳ್ದ್ ಹಬ್ಬಕ್ಕೆ ಒಂದು ದಿನ ಮುಂಚೆ ಜೆಸಿಬಿ ಬಂತು, ಆ ವರ್ಷ ನಮ್ಮ ಕಡೆ ಹಬ್ಬದ ಮಾತು ಯಾರೂ ಎತ್ತಲಿಲ್ಲ ಬಿಡಿ. ಆ ಹದಿನೇಳು ದಿನ ಕರೆಂಟಿಲ್ಲ, ಫೋನಿಲ್ಲ. ಅತ್ತೆಯ ಬಿಪಿ ಮಾತ್ರೆ ಹತ್ತನೇ ದಿನಕ್ಕೆ ಖಾಲಿ, ನಮ್ಮನೆಯವರು ತೋಟದ ಮೇಲಿನ ಗುಡ್ಡದ ಸಾಲಲ್ಲಿ ಜಾರ್ಕೊಂಡು ಎದ್ಕೊಂಡು ನಡೆದು ಹೋಗಿ ತಂದ್ರು. ರಾತ್ರಿ ಯಾರೂ ಬಟ್ಟೆ ಬದಲಾಯಿಸಿ ಮಲಗ್ತಾ ಇರ್ಲಿಲ್ಲ, ಎದ್ದು ಓಡೋ ಹಂಗಾದ್ರೆ ಅಂತ. ಗುಡ್ಡದ ಕಡೆಯಿಂದ ಏನು ಸದ್ದು ಬಂದ್ರೂ ಎಲ್ಲರೂ ಎದ್ದು ಕೂರೋದು, ಟಾರ್ಚ್ ಹಾಕೋದು, ಮತ್ತೆ ಆರಿಸೋದು, ಯಾಕಂದ್ರೆ ಸೆಲ್ ಉಳಿಸ್ಬೇಕು.

ದಾರಿ ಬಿಟ್ಟ ಮೇಲೆ ಮಡಿಕೇರಿಗೆ ಹೋಗಿ ಫೋನ್ ಆನ್ ಮಾಡಿದ್ರೆ ಮೆಸೇಜುಗಳ ಮಧ್ಯೆ ಒಂದು ಇಮೇಲ್. ಅದರ ಹಿಂದಿನ ವರ್ಷ ಕಾಫಿ ಕುಯ್ಲಿನ ಟೈಮಲ್ಲಿ ಇಂಗ್ಲೆಂಡಿಂದ ಬಂದು ನಮ್ಮಲ್ಲಿ ಒಂದು ವಾರ ಇದ್ದ ವಯಸ್ಸಾದ ಹೆಂಗಸು, ರಿಟೈರ್ಡ್ ಸ್ಕೂಲ್ ಟೀಚರ್. ಟಿವೀಲಿ ನೋಡಿ ಗಾಬರಿಯಾಗಿ ಬರೆದಿದ್ರು. ನಾನು ಅಲ್ಲೇ ಮೆಡಿಕಲ್ ಶಾಪ್ ಮುಂದೆ ನಿಂತ್ಕೊಂಡು ಉತ್ತರ ಹೊಡೆದೆ. ‘ಸಿನ್ಸ್ ಸೆವೆಂಟೀನ್ ಡೇಸ್ ಅವರ್ ರೋಡ್ ವಾಸ್ ಕ್ಲೋಸ್ಡ್. ನೋ ಪವರ್. ವಿ ಆರ್ ಸೇಫ್.’ ಅಷ್ಟೇ. ಮಾರನೇ ದಿನ ಅವರ ಉತ್ತರ ಬಂತು, ಮೊದಲ ಲೈನು ಬರೀ ಮೂರೇ ಪದ. ‘ಸೆವೆಂಟೀನ್ ಲಾಂಗ್ ಡೇಸ್.’ ಅದಾದ ಮೇಲೆ ಫುಲ್ ಸ್ಟಾಪು, ಆಮೇಲೆ ಬಾಕಿ ಮಾತು.

ನಂಗೆ ಅದನ್ನ ಓದಿ ಅಳು ಬಂತು. ಮನೇಲಿ ಅಷ್ಟು ದಿನ ಅತ್ತಿರಲಿಲ್ಲ. ನಾನು ಬರೆದಿದ್ದು ಬರೀ ಲೆಕ್ಕ, ಅವರು ಆ ಲೆಕ್ಕದ ಒಳಗಡೆ ಇದ್ದಿದ್ದನ್ನ ಕೇಳಿಸ್ಕೊಂಡು, ನಂಬರಿಗೂ ಡೇಸ್ ಅನ್ನೋದಕ್ಕೂ ಮಧ್ಯೆ ಒಂದೇ ಒಂದು ಪದ ಇಟ್ಟು ವಾಪಸ್ ಕಳಿಸಿದ್ರು. ದಿನ ಅಂದ್ರೆ ಎಲ್ಲಾ ದಿನವೂ ಇಪ್ಪತ್ನಾಲ್ಕೇ ಗಂಟೆ, ಲಂಡನ್ನಿನಲ್ಲೂ ಅಷ್ಟೇ ಗಾಳಿಬೀಡಲ್ಲೂ ಅಷ್ಟೇ, ಆದ್ರೂ ಆ ಹದಿನೇಳು ದಿನ ಉದ್ದ ಇದ್ವು, ಅದು ನಿಜ.

ಅವತ್ತಿಂದ ನಾನು ಇಂಥ ಪದಗಳನ್ನ ಒಂದು ನೋಟ್‌ಬುಕ್ಕಲ್ಲಿ ಬರೆದಿಡೋಕೆ ಶುರು ಮಾಡ್ದೆ. ಗೆಸ್ಟುಗಳು ಮಾತಾಡೋವಾಗ, ರೇಡಿಯೋಲಿ, ಪೇಪರಲ್ಲಿ, ಎಲ್ಲಿ ಸಿಕ್ಕಿದ್ರೂ. ಒಂದು ಅವಧಿ ಎಷ್ಟು ಉದ್ದ ಅಂತ ಒತ್ತಿ ಹೇಳೋಕೆ ಇಂಗ್ಲಿಷಲ್ಲಿ ಎಷ್ಟು ದಾರಿ ಇದೆ ಅಂದ್ರೆ, ಮೊದಮೊದಲು ಎಲ್ಲಾ ಒಂದೇ ಅನ್ಕೊಂಡಿದ್ದೆ. ಒಂದೇ ಅಲ್ಲ, ಒಂದೊಂದರ ಮನಸ್ಸು ಒಂದೊಂದು ಥರ.

ಮೊದಲು ಆ ಸಿನ್ಸ್ ವಿಷಯ ಮುಗಿಸ್ತೀನಿ. ನಮಗೆ ಅದು ಯಾಕೆ ತಪ್ಪುತ್ತೆ ಅಂದ್ರೆ ಕನ್ನಡದ ‘ಇಂದ’ ಎರಡೂ ಕೆಲಸ ಮಾಡುತ್ತೆ. ‘ಸೋಮವಾರದಿಂದ ಮಳೆ’ ಅಂತೀವಿ, ‘ಒಂಬತ್ತು ದಿನದಿಂದ ಮಳೆ’ ಅಂತಾನೂ ಅಂತೀವಿ. ಇಂಗ್ಲಿಷಲ್ಲಿ ಮೊದಲನೇದು ಗೂಟ ನೆಟ್ಟ ಜಾಗ, ಎರಡನೇದು ಹಗ್ಗದ ಉದ್ದ, ಗೂಟಕ್ಕೆ ಸಿನ್ಸು, ಹಗ್ಗಕ್ಕೆ ಫಾರ್. ‘ಸಿನ್ಸ್ ಮಂಡೇ’, ‘ಫಾರ್ ನೈನ್ ಡೇಸ್’. ಲೈನ್ ಮನೆ ಮಕ್ಕಳಿಗೆ ಜಗಲಿ ಕಂಬಕ್ಕೆ ಹಗ್ಗ ಕಟ್ಟಿ ತೋರಿಸ್ದೆ, ತಕ್ಷಣ ಅರ್ಥ ಆಯ್ತು. ‘ಸಿನ್ಸ್ ಲಾಂಗ್’, ‘ಸಿನ್ಸ್ ಏಜಸ್’ ಅಂತ ನಾವೆಲ್ಲ ಹೇಳ್ತೀವಲ್ಲ, ಅದೂ ಹಂಗೇ, ಏಜಸ್ ಅನ್ನೋದೂ ಹಗ್ಗಾನೇ, ‘ಫಾರ್ ಏಜಸ್’ ಆಗ್ಬೇಕು. ಮತ್ತೆ ಮಳೆ ಶುರುವಾಗಿ ಇನ್ನೂ ಬರ್ತಾನೇ ಇದ್ರೆ ‘ಇಟ್ ಹ್ಯಾಸ್ ಬೀನ್ ರೇನಿಂಗ್’. ಇಷ್ಟು ಸರಿಯಾದ್ರೆ ವಾಕ್ಯ ನಿಲ್ಲುತ್ತೆ, ಭಾರ ಹಾಕೋದು ಆಮೇಲೆ.

ಲಾಂಗ್ ಅನ್ನೋದು ನೋವಿನ ಪದ, ಅಥವಾ ಕಾಯೋರ ಪದ. ‘ತ್ರೀ ಲಾಂಗ್ ಇಯರ್ಸ್’ ಅಂದ್ರೆ ಆ ಮೂರು ವರ್ಷ ಯಾರ ಮೇಲೋ ಕೂತಿತ್ತು ಅಂತ. ಇದೇ ಪದಗಳನ್ನ ಸ್ವಲ್ಪ ಜಾಗ ಬದಲಾಯಿಸಿ ‘ತ್ರೀ ಇಯರ್ಸ್ ಲಾಂಗ್’ ಅಂದ್ರೆ ಎಲ್ಲಾ ಭಾರನೂ ಹೋಗ್ಬಿಡುತ್ತೆ, ಅದು ಬರೀ ಟೇಪ್ ಹಿಡಿದು ಅಳೆದಂಗೆ, ಕೋರ್ಸು ಮೂರು ವರ್ಷದ್ದು, ಅಷ್ಟೇ. ಈ ವ್ಯತ್ಯಾಸ ಗೊತ್ತಾದ ಮೇಲೆ ನಂಗೆ ನಮ್ಮ ಊರಿನ ಬ್ಯಾನರುಗಳನ್ನ ನೋಡಿದ್ರೆ ಏನೋ ಆಗುತ್ತೆ. ‘ಸರ್ವಿಂಗ್ ಯು ಸಿನ್ಸ್ ಟ್ವೆಂಟಿ ಫೈವ್ ಲಾಂಗ್ ಇಯರ್ಸ್.’ ಹೆಮ್ಮೆಯಿಂದ ಹಾಕಿರೋದು, ಗೊತ್ತು, ಆದ್ರೆ ಓದೋರಿಗೆ ಇಪ್ಪತ್ತೈದು ವರ್ಷ ಕಷ್ಟಪಟ್ಟು ಸಹಿಸ್ಕೊಂಡಿದಾರೆ ಅನ್ನೋ ಹಂಗೆ ಕೇಳುತ್ತೆ. ನಮ್ಮ ಹೋಂಸ್ಟೇ ವೆಬ್‌ಸೈಟ್ ಮಾಡಿಕೊಟ್ಟ ಹುಡುಗನೂ ‘ಟೆನ್ ಲಾಂಗ್ ಇಯರ್ಸ್ ಆಫ್ ಹಾಸ್ಪಿಟಾಲಿಟಿ’ ಅಂತ ಹಾಕಿದ್ದ. ನಾನು ಲಾಂಗ್ ತೆಗೆಸಿದೆ. ಬಂದವರಿಗೆ ಊಟ ಹಾಕಿದ ವರ್ಷಗಳು ನಮಗೆ ಉದ್ದ ಅನಿಸ್ಲಿಲ್ಲ, ಮತ್ತೆ ಯಾಕೆ ಹಂಗೆ ಬರೀಬೇಕು.

ಫುಲ್ ಅನ್ನೋದು ಬೇರೆ. ಅದು ಲೆಕ್ಕ ತುಂಬಿದ್ದನ್ನ ಹೇಳೋ ಪದ. ಇದು ನಂಗೆ ಚೆನ್ನಾಗಿ ಅರ್ಥ ಆಗಿದ್ದು ನಮ್ಮ ಚಿಕ್ಕಪ್ಪನಿಂದ. ಕೊಡಗಲ್ಲಿ ಮಿಲಿಟ್ರಿಯವರಿಲ್ಲದ ಬೀದಿ ಇಲ್ಲ, ಚಿಕ್ಕಪ್ಪನೂ ಆರ್ಮೀಲಿದ್ರು, ಜವಾನ್ ಆಗಿ ಸೇರಿ ಹವಾಲ್ದಾರ್ ಆಗಿ ಬಂದ್ರು. ಜವಾನರಿಗೆ ಪೆನ್ಶನ್ ಬರ್ಬೇಕಾದ್ರೆ ಹದಿನೈದು ವರ್ಷ ಸರ್ವೀಸ್ ಆಗಿರಬೇಕು. ಅವರು ಯಾವಾಗ್ಲೂ ‘ಫಿಫ್ಟೀನ್ ಫುಲ್ ಇಯರ್ಸ್’ ಅಂತಾನೇ ಹೇಳೋದು, ಆ ಫುಲ್ ಮೇಲೆ ಕೈ ಕುಟ್ಟಿ. ಅದರಲ್ಲಿ ದುಃಖ ಇಲ್ಲ, ದೂರು ಇಲ್ಲ, ಸೇರು ತುಂಬಿ ಮೇಲೆ ಗೀಟಿ ತೋರಿಸಿದಂಗೆ, ಒಂದು ಕಾಳು ಕಮ್ಮಿ ಇಲ್ಲ ನೋಡು ಅಂತ. ಇದನ್ನ ನಂಬರಿಗೆ ಮುಂಚೆನೂ ಹಾಕಬಹುದು, ಆಗ ಒಂದು ‘ಎ’ ಬೇಕು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು 1953ರಲ್ಲಿ ರಿಟೈರ್ ಆದ್ರು, ಫೀಲ್ಡ್ ಮಾರ್ಷಲ್ ಪದವಿ ಬಂದಿದ್ದು 1986ರಲ್ಲಿ. ‘ಎ ಫುಲ್ ತರ್ಟಿತ್ರೀ ಇಯರ್ಸ್ ಲೇಟರ್’ ಅಂತ ಬರೀಬಹುದು, ಯಾಕಂದ್ರೆ ಲೆಕ್ಕ ನಿಜವಾಗ್ಲೂ ತುಂಬುತ್ತೆ. ಲೆಕ್ಕ ತುಂಬದೇ ಇದ್ದಾಗ ಫುಲ್ ಹಾಕಿದ್ರೆ ಅದು ಸುಳ್ಳೇ ಆಗುತ್ತೆ, ಚಿಕ್ಕಪ್ಪ ಒಪ್ಪಲ್ಲ.

ಹೋಲ್ ಅನ್ನೋದು ಕನ್ನಡದ ‘ಇಡೀ’ಗೆ ಹತ್ತಿರ, ಆದ್ರೆ ಪೂರ್ತಿ ಅದೇ ಅಲ್ಲ. ‘ದ ಹೋಲ್ ಡೇ’ ಅಂದ್ರೆ ಇಡೀ ದಿನ, ಸರಿ, ಆ ‘ದ’ ಒಂದನ್ನ ನಾವು ನುಂಗಿ ಹಾಕ್ತೀವಿ, ‘ಹೋಲ್ ಡೇ ಐ ವಾಸ್ ವೇಟಿಂಗ್’ ಅಂತೀವಿ, ಅದನ್ನ ಬಿಡಬಾರದು. ನಂಬರ್ ಜೊತೆ ಬಂದಾಗ ಮಾತ್ರ ಅದಕ್ಕೆ ಕಣ್ಣು ಅಗಲ ಮಾಡಿದಂಥ ಒಂದು ಭಾವ ಬರುತ್ತೆ. ಹೋದ ವರ್ಷ ಬೆಂಗಳೂರಿಂದ ಬಂದಿದ್ದ ಒಂದು ಪುಟ್ಟ ಹುಡುಗಿ, ಟವರ್ ಹೋಗಿತ್ತು, ಅಪ್ಪನ ಹತ್ರ ಹೇಳ್ತಾ ಇದ್ಲು, ‘ಟೂ ಹೋಲ್ ಡೇಸ್!’ ಅಂತ. ಆ ಮಗುಗೆ ಎರಡು ದಿನ ಅನ್ನೋದು ನಂಬೋಕಾಗದಷ್ಟು ದೊಡ್ಡದು. ಅದಕ್ಕೇ ಸಣ್ಣ ನಂಬರಿಗೆ ಹಾಕಿದ್ರೆ ಈ ಪದ ಚುಚ್ಚೋಕೂ ಬರುತ್ತೆ, ‘ಹಿ ವೇಟೆಡ್ ಎ ಹೋಲ್ ಫೈವ್ ಮಿನಿಟ್ಸ್’ ಅಂದ್ರೆ, ಐದೇ ನಿಮಿಷ ಕಾದು ದೊಡ್ಡ ಉಪಕಾರ ಮಾಡ್ದ ಅನ್ನೋ ಅರ್ಥ. ಇದು ಗೊತ್ತಿಲ್ದೇ ಯಾರಿಗಾದ್ರೂ ಥ್ಯಾಂಕ್ಸ್ ಹೇಳೋವಾಗ ಬರೆದುಬಿಟ್ರೆ ಅವರಿಗೆ ಬೇಜಾರಾಗುತ್ತೆ, ಹುಷಾರು.

ಇನ್ನು ಗುಡ್. ಇದು ನಂಗೆ ತುಂಬಾ ಇಷ್ಟ. ‘ಎ ಗುಡ್ ಟೂ ಅವರ್ಸ್.’ ಎರಡು ಗಂಟೆಗಿಂತ ಕಮ್ಮಿ ಇಲ್ಲ, ಜಾಸ್ತೀನೇ ಇರಬಹುದು, ಗಡಿಯಾರ ನೋಡ್ಲಿಲ್ಲ ಆದ್ರೆ ಮನಸ್ಸಿಗೆ ಗೊತ್ತು, ಹಂಗೆ. ಮೊದಲು ತಲೆ ಕೆಡಿಸಿದ್ದು ಆ ‘ಎ’. ಟೂ ಅವರ್ಸ್ ಅಂದ್ರೆ ಬಹುವಚನ, ಅದರ ಮುಂದೆ ಒಂದು ಅನ್ನೋ ಅರ್ಥದ ‘ಎ’ ಹೆಂಗೆ ಬಂತು? ಆಮೇಲೆ ಒಂದು ದಿನ ಅಡಿಗೆ ಮನೇಲಿ ಅತ್ತೆ ಹೇಳಿದ್ರು, ‘ಒಂದು ಹತ್ತು ನಿಮಿಷ ತಡಿ, ಕಡುಬು ಬೇಯ್ಲಿ’ ಅಂತ. ಒಂದು ಹತ್ತು ನಿಮಿಷ! ನಾವೂ ಹತ್ತಕ್ಕೆ ಮುಂಚೆ ‘ಒಂದು’ ಇಡ್ತೀವಲ್ಲ. ಹತ್ತು ಬಿಡಿ ನಿಮಿಷಗಳನ್ನ ಸೇರಿಸಿ ಒಂದು ಗಂಟು ಕಟ್ಟಿ ಎತ್ತಿಕೊಟ್ಟಂಗೆ. ಇಂಗ್ಲಿಷಿನವರೂ ಅದನ್ನೇ ಮಾಡಿರೋದು. ಒಂದೇ ವ್ಯತ್ಯಾಸ ಏನಂದ್ರೆ, ನಮ್ಮ ‘ಒಂದು ಹತ್ತು ನಿಮಿಷ’ ಕಾಯೋನಿಗೆ ಸಮಾಧಾನ ಹೇಳೋ ಗಂಟು, ಹತ್ತೇ ಅಲ್ವಾ ಅನ್ನೋ ಥರ, ಅವರ ‘ಎ ಗುಡ್ ಟೆನ್ ಮಿನಿಟ್ಸ್’ ಕಾದು ಬಂದವನು ತಂದು ತೋರಿಸೋ ಗಂಟು.

ಒಳ್ಳೇದು ಅನ್ನೋ ಪದನ ಜಾಸ್ತಿ ಅನ್ನೋ ಅರ್ಥಕ್ಕೆ ಬಳಸೋದೂ ನಮಗೆ ಹೊಸದಲ್ಲ. ‘ಚೆನ್ನಾಗಿ ಎರಡು ಗಂಟೆ ಹೊಡೀತು ಮಳೆ’ ಅಂತೀವಿ, ‘ಒಳ್ಳೇ ಪೆಟ್ಟು ಬಿತ್ತು’ ಅಂತೀವಿ, ಪೆಟ್ಟಲ್ಲಿ ಒಳ್ಳೇದೇನಿದೆ. ಆದ್ರೆ ಜಾಗ ತಪ್ಪಿಸಬಾರದು. ‘ಎ ಗುಡ್ ಟೂ ಇಯರ್ಸ್’ ಬೇರೆ, ‘ಟೂ ಗುಡ್ ಇಯರ್ಸ್’ ಬೇರೆ. ಎರಡನೇದು ನಿಜವಾಗ್ಲೂ ಸುಖವಾಗಿದ್ದ ಎರಡು ವರ್ಷ. ಕಾಫಿ ರೇಟು ಏರಿದ್ದ ವರ್ಷಗಳನ್ನ ತೋಟದವರು ನೆನೆಸ್ಕೊಳ್ಳೋದು ಹಂಗೆ. ಮತ್ತೆ ಈ ಗುಡ್ ಹೆಚ್ಚಾಗಿ ಗುಂಡಾದ ನಂಬರುಗಳ ಜೊತೆ ಕೂರುತ್ತೆ, ಹತ್ತು ನಿಮಿಷ, ಎರಡು ಗಂಟೆ, ಮೂರು ವಾರ. ನಮ್ಮ ಹದಿನೇಳು ದಿನಕ್ಕೆ ಅದು ಹೊಂದಲ್ಲ. ಒಂದೊಂದು ದಿನಾನೂ ಕ್ಯಾಲೆಂಡರಲ್ಲಿ ಗೀಟು ಹಾಕಿ ಎಣಿಸಿದವರಿಗೆ ಅಂದಾಜಿನ ಪದ ಯಾಕೆ.

ಗುಡ್ ಇದ್ದ ಹಂಗೇ ಬೆಟರ್ ಇದೆ, ಅದು ಇನ್ನೂ ಮೋಸ. ಒಂದ್ಸಲ ಗೆಸ್ಟ್ ಒಬ್ಬರು ರಾತ್ರಿ ಊಟಕ್ಕೆ ಕೂತಾಗ ಹೇಳಿದ್ರು, ದಾರಿ ಹುಡುಕೋದ್ರಲ್ಲೇ ‘ದ ಬೆಟರ್ ಪಾರ್ಟ್ ಆಫ್ ದ ಡೇ’ ಹೋಯ್ತು ಅಂತ. ಕೇಳಿದ್ರೆ ದಿನದ ಒಳ್ಳೇ ಭಾಗ ಅನ್ಸುತ್ತೆ. ಅದರರ್ಥ ದಿನದ ಮುಕ್ಕಾಲು ಪಾಲು, ಅರ್ಧಕ್ಕಿಂತ ಜಾಸ್ತಿ ಅಂತ ಅಷ್ಟೇ, ಪಾಪ ಅವರು ಬೆಳಿಗ್ಗೆಯಿಂದ ದಾರಿ ತಪ್ಪಿ ಸುತ್ತಿದ್ರು. ಇಂಥದ್ದು ಕೇಳಿದಾಗ ಮುಖ ನೋಡ್ಬೇಕು, ಪದ ಮಾತ್ರ ಕೇಳಬಾರದು.

ಮಳೆಗೆ ಬೇಕಾಗಿರೋ ಪದಗಳೇ ಬೇರೆ. ಮಳೆಗೆ ನೋವಿಲ್ಲ, ಅದಕ್ಕೆ ಬೇಕಿರೋದು ಮಧ್ಯೆ ಬಿಡುವಿಲ್ಲ ಅಂತ ಹೇಳೋದು. ‘ತ್ರೀ ಸಾಲಿಡ್ ಅವರ್ಸ್’, ಇಟ್ಟಿಗೆ ಥರ ಗಟ್ಟಿ, ಒಳಗೆ ತೂತಿಲ್ಲ. ‘ನೈನ್ ಡೇಸ್ ಸ್ಟ್ರೇಟ್’, ‘ನೈನ್ ಡೇಸ್ ಇನ್ ಎ ರೋ’, ‘ನೈನ್ ಡೇಸ್ ರನ್ನಿಂಗ್’, ಇವೆಲ್ಲ ಒಂದರ ಹಿಂದೆ ಒಂದು, ಬಿಡದಂಗೆ. ನಂಬರ್ ಹೇಳೋಕೆ ಮನಸ್ಸಿಲ್ದೇ ಇದ್ರೆ ‘ಫಾರ್ ಡೇಸ್ ಆನ್ ಎಂಡ್’, ಅದು ನಮ್ಮ ‘ದಿನಗಟ್ಟಲೆ’ಗೆ ಸರಿಯಾಗಿ ಕೂರುತ್ತೆ, ‘ಫಾರ್ ಅವರ್ಸ್ ಆನ್ ಎಂಡ್’ ಅಂದ್ರೆ ಗಂಟೆಗಟ್ಟಲೆ. ‘ಆಲ್ ಡೇ ಲಾಂಗ್’, ‘ಆಲ್ ನೈಟ್ ಲಾಂಗ್’ ಅಂದ್ರೆ ದಿನವಿಡೀ, ರಾತ್ರಿಯಿಡೀ. ನೋಡಿ ಎಷ್ಟು ಚೆನ್ನಾಗಿ ಜೋಡಿ ಸಿಗುತ್ತೆ, ಅಲ್ಲೂ ಆ ಒತ್ತು ಹಿಂದೆ ಬಂದು ಅಂಟ್ಕೊಳ್ಳುತ್ತೆ, ನಮ್ಮಲ್ಲೂ ಹಿಂದೇನೇ. ಮಕ್ಕಳಿಗೆ ಹೇಳಿಕೊಡೋವಾಗ ಇಂಥ ಜೋಡಿ ಸಿಕ್ಕಿದ್ರೆ ಅರ್ಧ ಕೆಲಸ ಆದಂಗೆ.

ಹದಿನಾಲ್ಕು ದಿನಕ್ಕೆ ಅವರಲ್ಲಿ ಒಂದೇ ಪದ ಇದೆ, ಫೋರ್ಟ್‌ನೈಟ್, ಹಳೇ ಇಂಗ್ಲಿಷಲ್ಲಿ ಹದಿನಾಲ್ಕು ರಾತ್ರಿ ಅನ್ನೋದು ಸವೆದು ಸವೆದು ಹಂಗಾಗಿರೋದು. ನಾವು ಮಳೆ ಎಣಿಸೋದೂ ಹೆಚ್ಚುಕಮ್ಮಿ ಅದೇ ಅಳತೇಲಿ, ವರ್ಷಕ್ಕೆ 27 ನಕ್ಷತ್ರ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಪುನರ್ವಸು ಒಂದು ಫೋರ್ಟ್‌ನೈಟು, ಪುಷ್ಯ ಒಂದು, ಆಶ್ಲೇಷ ಒಂದು. ‘ಆಶ್ಲೇಷ ಮಳೆ ಈಸಲಾರದ ಹೊಳೆ’ ಅನ್ನೋ ಗಾದೆ ಹೇಳಿದ್ರೆ ಇಲ್ಲಿ ಮಕ್ಕಳಿಗೆ ವಿವರಿಸೋದೇ ಬೇಡ, ಕಿಟಕಿ ತೋರಿಸಿದ್ರೆ ಸಾಕು.

ತಮಾಷೆ ಪದಗಳೂ ಸುಮಾರಿವೆ. ‘ಡಾಂಕೀಸ್ ಇಯರ್ಸ್’ ಅಂದ್ರೆ ಯಾವುದೋ ಕಾಲದಿಂದ, ಕತ್ತೆ ಕಿವಿ ಉದ್ದ ಅಲ್ವಾ, ಇಂಗ್ಲಿಷಲ್ಲಿ ಕಿವಿಗಳು ಅನ್ನೋದಕ್ಕೂ ವರ್ಷಗಳು ಅನ್ನೋದಕ್ಕೂ ಸದ್ದು ಹತ್ತಿರ. ‘ಎ ಮಂತ್ ಆಫ್ ಸಂಡೇಸ್’ ಅಂದ್ರೆ ತಿಂಗಳು ತುಂಬ ಬರೀ ಭಾನುವಾರಗಳು, ಅಂದ್ರೆ ಸಾಲಾಗಿ ಜೋಡಿಸಿದ್ರೆ ಮುಗಿಯೋದೇ ಇಲ್ಲ. ‘ಟಿಲ್ ದ ಕೌಸ್ ಕಮ್ ಹೋಮ್’ ಅಂದಾಗ ಮಾತ್ರ ನಂಗೆ ವಿಚಿತ್ರ ಅನಿಸಿತ್ತು. ಹಸು ಮನೆಗೆ ಬರೋ ತನಕ ಅಂದ್ರೆ ಇವರಿಗೆ ಎಷ್ಟೋ ಹೊತ್ತು, ಮುಗಿಯದಷ್ಟು ಹೊತ್ತು. ನಮಗೆ ಹಸು ಮನೆಗೆ ಬರೋದು ಅಂದ್ರೆ ದಿನ ಮುಗೀತು ಅಂತ, ಗೋಧೂಳಿ ಅಂತ ಒಂದು ಹೊತ್ತಿಗೇ ಹೆಸರಿಟ್ಟಿದೀವಿ. ಅತ್ತೆಗೆ ಹೇಳ್ದಾಗ ಅವರು ಹೇಳಿದ್ದು, ಮಳೆಗಾಲದಲ್ಲಿ ಕಾಡಂಚಿಗೆ ಹೋದ ಹಸು ಬರದೇ ಇದ್ದಾಗ ಕಾದು ನೋಡಿದ್ರೆ ಅವರ ಮಾತೂ ಸರೀನೇ ಅಂತ. ಅದೂ ಹೌದು.

ಕನ್ನಡದಲ್ಲಿ ಇದಕ್ಕೆಲ್ಲ ಏನಿದೆ ಅಂತ ಯೋಚನೆ ಮಾಡೋಕೆ ಶುರು ಮಾಡಿದ್ರೆ ನಂಗೆ ನಮ್ಮ ಪೇಪರುಗಳ ಮೇಲೆ ಸ್ವಲ್ಪ ಕೋಪ ಬರುತ್ತೆ. ಅವರಿಗೆ ಒಂದೇ ಪದ, ಬರೋಬ್ಬರಿ. ಬರೋಬ್ಬರಿ ಮೂರು ವರ್ಷ, ಬರೋಬ್ಬರಿ ಹತ್ತು ಗಂಟೆ, ಬರೋಬ್ಬರಿ ಎರಡು ಕೋಟಿ. ಕಾಲಕ್ಕೂ ದುಡ್ಡಿಗೂ ಕುಂಬಳಕಾಯಿಗೂ ಅದೇ. ಎಲ್ಲದರ ಮೇಲೂ ಹಾಕಿದ್ರೆ ಯಾವುದರ ಮೇಲೂ ಭಾರ ಉಳಿಯಲ್ಲ. ನಾವು ಮನೇಲಿ ಮಾತಾಡೋವಾಗ ಎಷ್ಟು ಚೆನ್ನಾಗಿ ಮಾತಾಡ್ತೀವಿ. ‘ಮೂರು ಮೂರು ದಿನ ಕಾಯಿಸಿದ್ರು’ ಅಂತೀವಿ, ನಂಬರನ್ನೇ ಎರಡು ಸಲ ಹೇಳಿ. ‘ಮೂರು ದಿನಾನೂ ಬಂದೆ’ ಅಂತೀವಿ, ಕೊನೇಲಿ ಒಂದು ಊ ಎಳೆದು. ‘ಹನ್ನೆರಡು ವರ್ಷದ ವನವಾಸ’ ಅಂತೀವಿ. ‘ಹದಿನೇಳು ದಿನ ಕಣ್ರೀ’ ಅಂತೀವಿ, ಆ ಕಣ್ರೀಲೇ ಎಲ್ಲಾ ಇರುತ್ತೆ. ಫೋನಲ್ಲಿ ನಮ್ಮಮ್ಮಂಗೆ ಸೋಮವಾರಪೇಟೆಗೆ ‘ಹದಿನೇಳೂ ದಿನ ಅಮ್ಮ’ ಅಂದಾಗ ಅಮ್ಮ ಇನ್ನೇನೂ ಕೇಳಲಿಲ್ಲ. ನಮ್ಮ ಒತ್ತು ಇರೋದು ಗಂಟಲಲ್ಲಿ. ಇಮೇಲ್ ಬರೆಯೋವಾಗ ಗಂಟಲು ಹೋಗಲ್ಲ ಜೊತೆಗೆ, ಕಣ್ರೀ ಅನ್ನೋದನ್ನ ಇಂಗ್ಲಿಷಲ್ಲಿ ಹೆಂಗೆ ಟೈಪ್ ಮಾಡೋದು. ಅದಕ್ಕೇ ನನ್ನ ಮೊದಲ ಇಮೇಲ್ ಅಷ್ಟು ಬೋಳಾಗಿತ್ತು. ನಾನು ಗಂಟಲಲ್ಲಿ ಹೇಳೋದನ್ನ ಇಂಗ್ಲಿಷಲ್ಲಿ ಒಂದು ಸಣ್ಣ ಪದಕ್ಕೆ ವಹಿಸ್ಬೇಕು, ಆ ಪದ ಯಾವುದು ಅಂತ ನಂಗೆ ಗೊತ್ತಿರ್ಲಿಲ್ಲ.

ಪದ ಗೊತ್ತಾದ್ರೆ ಒಂದೇ ಲೆಕ್ಕನ ಎರಡು ಕಡೆ ತಿರುಗಿಸಬಹುದು ಅನ್ನೋದೂ ಗೊತ್ತಾಗುತ್ತೆ. ಕೊಡಗು ಒಂದು ಕಾಲದಲ್ಲಿ ತನ್ನದೇ ರಾಜ್ಯ ಆಗಿತ್ತಲ್ಲ, 1950ರ ಜನವರಿ 26ರಿಂದ ಸಿ ಪಾರ್ಟ್ ರಾಜ್ಯ, ಅಂದ್ರೆ ಸಂವಿಧಾನದ ಸಿ ಪಟ್ಟಿಯಲ್ಲಿದ್ದ ಸಣ್ಣ ರಾಜ್ಯ, 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯದ ಜೊತೆ ಸೇರ್ತು, ಲೆಕ್ಕ ಹಾಕಿದ್ರೆ ಆರು ವರ್ಷ ಒಂಬತ್ತು ತಿಂಗಳು. ಆ ಕಾಲನ ಹೆಮ್ಮೆಯಿಂದ ನೆನೆಸ್ಕೊಳ್ಳೋ ಹಿರಿಯರು ‘ನಿಯರ್ಲಿ ಸೆವೆನ್ ಇಯರ್ಸ್’ ಅಂತಾರೆ. ಅಯ್ಯೋ ಅಷ್ಟೇನಾ ಅನ್ನೋರು ‘ನಾಟ್ ಈವನ್ ಸೆವೆನ್ ಇಯರ್ಸ್’ ಅಂತಾರೆ. ಎರಡೂ ನಿಜ, ಒಂದು ತಿಂಗಳೂ ಆಚೀಚೆ ಆಗಿಲ್ಲ, ಆದ್ರೆ ಒಬ್ಬರು ಏಳರ ಕಡೆ ತಳ್ತಾರೆ, ಇನ್ನೊಬ್ಬರು ಏಳರಿಂದ ಕೆಳಗೆ ಇಳಿಸ್ತಾರೆ. ಯಾರಾದ್ರೂ ಇಂಗ್ಲಿಷಲ್ಲಿ ಇತಿಹಾಸ ಬರೆದಿದ್ದು ಓದಿದ್ರೆ ನಾನೀಗ ಮೊದಲು ನೋಡೋದು ಈ ಸಣ್ಣ ಪದಗಳನ್ನೇ, ಬರೆದವರು ಯಾವ ಕಡೆ ನಿಂತಿದಾರೆ ಅಂತ ಅಲ್ಲೇ ಗೊತ್ತಾಗ್ಬಿಡುತ್ತೆ.

ಉದ್ದ ಇದ್ದಂಗೆ ಗಿಡ್ಡನೂ ಇದೆ. ‘ತ್ರೀ ಶಾರ್ಟ್ ಡೇಸ್.’ ಇದಕ್ಕೆ ನಮ್ಮಲ್ಲಿ ಕಾಫಿ ಹೂವಿಗಿಂತ ಒಳ್ಳೇ ಉದಾಹರಣೆ ನಂಗೆ ಸಿಕ್ಕಿಲ್ಲ. ಮಾರ್ಚ್ ಏಪ್ರಿಲಲ್ಲಿ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗೆ, ಆ ವಾಸನೆ ಮನೆ ಒಳಗೆ ಅನ್ನದ ಪಾತ್ರೆ ತನಕ ಬರುತ್ತೆ, ಮೂರು ನಾಲ್ಕು ದಿನ, ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಉದುರುತ್ತೆ. ಅಲ್ಲಿಂದ ಹಣ್ಣಾಗೋಕೆ ಅರೇಬಿಕಾಗೆ ಎಂಟು ಒಂಬತ್ತು ತಿಂಗಳು, ರೊಬಸ್ಟಾಗೆ ಹತ್ತು ಹನ್ನೊಂದು. ಆ ಟೀಚರಮ್ಮಂಗೆ ಒಂದು ವರ್ಷ ಹೂವಿನ ಫೋಟೋ ಕಳಿಸಿ ಕೆಳಗೆ ಬರೆದೆ, ‘ತ್ರೀ ಶಾರ್ಟ್ ಡೇಸ್, ದೆನ್ ಟೆನ್ ಲಾಂಗ್ ಮಂತ್ಸ್’ ಅಂತ. ಅವರು ತಿದ್ದಲಿಲ್ಲ. ತೋಟದವರಿಗೆ ಆ ಹತ್ತು ತಿಂಗಳು ನಿಜವಾಗ್ಲೂ ಲಾಂಗೇ, ಅದರಲ್ಲಿ ಮಳೆಗಾಲ ಒಂದು ಪೂರ್ತಿ ದಾಟಬೇಕು, ಕಾಯಿ ಉದುರೋದು, ಕೊಳೆ ರೋಗ, ಆನೆ ಬೇರೆ.

ಈಗ ಮತ್ತೆ ನಮ್ಮ ಜಗಲಿಗೆ. ಸಿನ್ಸ್ ಹೇಳಿದ್ದ ಹುಡುಗನಿಗೆ ಹಗ್ಗದ ಪಾಠ ಆಯ್ತಲ್ಲ, ಆಮೇಲೆ ಎಲ್ಲರಿಗೂ ಈ ಪದಗಳನ್ನೆಲ್ಲ ಬೋರ್ಡ್ ಮೇಲೆ ಬರೆದು, ಒಂದೊಂದನ್ನ ಹೇಳಿ, ಮಳೆ ಬಗ್ಗೆ ಎರಡು ವಾಕ್ಯ ಬರ್ಕೊಂಡು ಬನ್ನಿ ಅಂದೆ. ನಿನ್ನೆ ಸಂಜೆ ತಂದ್ರು. ಸುಮಾರು ಜನ ಎಲ್ಲಾ ಪದನೂ ಒಟ್ಟಿಗೆ ತುರುಕಿದ್ರು, ‘ಎ ಗುಡ್ ಫುಲ್ ಹೋಲ್ ನೈನ್ ಡೇಸ್’ ಅಂತ ಒಬ್ಬ, ಪರವಾಗಿಲ್ಲ, ಹೊಸ ಪದ ಸಿಕ್ಕಿದ ಖುಷಿ. ಒಂದು ಹುಡುಗಿ ಇದಾಳೆ, ಮಾತು ಕಮ್ಮಿ, ಆರನೇ ಕ್ಲಾಸು, ಅವಳ ಅಪ್ಪ ತೋಟದಲ್ಲಿ ದಿನಗೂಲಿ, ಮಳೆ ಜೋರಿದ್ರೆ ಕೆಲಸ ಇಲ್ಲ, ಕೆಲಸ ಇಲ್ಲ ಅಂದ್ರೆ ಕೂಲಿ ಇಲ್ಲ. ಅವಳ ನೋಟ್‌ಬುಕ್ ಮೂಲೆ ಒದ್ದೆಯಾಗಿತ್ತು. ಎರಡೇ ವಾಕ್ಯ.

‘ಇಟ್ ರೇನ್ಡ್ ಫಾರ್ ನೈನ್ ಡೇಸ್ ಸ್ಟ್ರೇಟ್. ಮೈ ಫಾದರ್ ಹ್ಯಾಡ್ ನೋ ವರ್ಕ್ ಫಾರ್ ನೈನ್ ಲಾಂಗ್ ಡೇಸ್.’

ಮಳೆಗೆ ಸ್ಟ್ರೇಟು, ಅಪ್ಪಂಗೆ ಲಾಂಗು. ಯಾಕೆ ಹಂಗೆ ಬರೆದೆ ಅಂತ ನಾನು ಕೇಳಲಿಲ್ಲ. ಸ್ಪೆಲಿಂಗ್ ಒಂದು ತಪ್ಪಿತ್ತು, ತಿದ್ದಿ ಕೊಟ್ಟೆ, ಲೈನ್ ಮನೆಗೆ ಹೋಗೋವಾಗ ಅಕ್ಕಿ ರೊಟ್ಟಿ ಕಟ್ಟಿ ಕಳಿಸ್ದೆ. ಇವತ್ತು ಹತ್ತನೇ ದಿನ, ಮಳೆ ಇನ್ನೂ ಹೊಡೀತಾನೇ ಇದೆ, ಫೋನ್ ಚಾರ್ಜ್ ಎಂಟು ಪರ್ಸೆಂಟ್.